ಮಳೆಗಾಲಕ್ಕೆ ಒಂದು ಕಾದಂಬರಿ ಹೇಳಿ, ಯಾರಿಗೆ ಅಂತಲೂ ಹೇಳಿ

ಕದ್ರಿಯ ಓದುಗಿ:
ನಮ್ಮ ಫ್ಲ್ಯಾಟಿನವರು ಕೆಲವರು ಸೇರಿ ಓದುವ ಗುಂಪು ಶುರು ಮಾಡುತ್ತಿದ್ದೇವೆ. ಜೂನ್ ಬಂತು ಅಂದರೆ ಮಂಗಳೂರಿನಲ್ಲಿ ಸಂಜೆ ಹೊರಗೆ ಹೋಗುವುದು ಅಷ್ಟಕ್ಕಷ್ಟೇ. ಮನೆಯಲ್ಲಿ ಕೂತು ಓದಲಿಕ್ಕೆ ಇದಕ್ಕಿಂತ ಒಳ್ಳೇ ಸಮಯ ಇಲ್ಲ.

ಗುಂಪಿನಲ್ಲಿ ಎಲ್ಲ ಥರದವರೂ ಇದ್ದಾರೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಹಿರಿಯರು. ಕಾಲೇಜು ಬಿಟ್ಟ ಮೇಲೆ ಕಾದಂಬರಿ ಮುಟ್ಟದ ನನ್ನ ಇಬ್ಬರು ಗೆಳತಿಯರು. ಇಂಗ್ಲಿಷ್ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಓದುವ ಒಬ್ಬ ಹುಡುಗ, ಕನ್ನಡ ಓದುತ್ತಾನೆ, ಆದರೆ ನಿಧಾನ. ಮತ್ತೆ ನನ್ನ ಅತ್ತೆ. ವಾರಪತ್ರಿಕೆಯ ಧಾರಾವಾಹಿ ಒಂದನ್ನೂ ಬಿಡದವರು.

ಒಂದು ವಿನಂತಿ ಉಂಟು. ‘ಓದಲೇಬೇಕಾದ ಪುಸ್ತಕಗಳು’ ಅಂತ ಉದ್ದ ಪಟ್ಟಿ ಹಾಕಬೇಡಿ. ಪಟ್ಟಿ ಫೋನಿನಲ್ಲಿ ಉಳಿಯುತ್ತದೆ, ಪುಸ್ತಕ ಅಂಗಡಿಯಲ್ಲಿ ಉಳಿಯುತ್ತದೆ. ಒಂದೇ ಪುಸ್ತಕ ಹೇಳಿದರೂ ಸಾಕು. ಅದು ಯಾರ ಕೈಗೆ ಕೊಡುವಂಥದ್ದು, ಯಾಕೆ ಅಂತ ನಾಲ್ಕು ಮಾತು ಬರೆಯಿರಿ. ದೊಡ್ಡ ಹೆಸರಿನ ಪುಸ್ತಕವನ್ನು ತಪ್ಪಾದ ಕೈಗೆ ಕೊಟ್ಟು ಓದುವ ಆಸೆಯನ್ನೇ ಆರಿಸಿಬಿಡುವುದನ್ನು ನಾನು ತುಂಬ ನೋಡಿದ್ದೇನೆ.

ನಾನೇ ಶುರು ಮಾಡುತ್ತೇನೆ. ಬ್ಯಾಂಕಿನ ಹಿರಿಯರಿಗೆ ಕಾರಂತರ ‘ಬೆಟ್ಟದ ಜೀವ’ ಕೊಡಬೇಕು ಅಂತಿದ್ದೇನೆ. 1943ರ ಕಾದಂಬರಿ. ಸುಬ್ರಹ್ಮಣ್ಯದ ಕಡೆ ಹೋಗುವಾಗ ದಾರಿ ತಪ್ಪಿದವನೊಬ್ಬ ಗೋಪಾಲಯ್ಯ ಎಂಬ ಹಿರಿಯರ ಮನೆ ಸೇರುತ್ತಾನೆ. ಅವರು ಅವನನ್ನು ಹೋಗಲು ಬಿಡುವುದೇ ಇಲ್ಲ. ಇವತ್ತು ಇರಿ, ನಾಳೆ ಹೋದರಾಯ್ತು. ನಮ್ಮ ಕಡೆಯ ಮನೆಗಳಲ್ಲಿ ಇವತ್ತಿಗೂ ಕೇಳುವ ಮಾತು, ಅಲ್ವಾ? ಕಾಡಿನ ನಡುವೆ ತೋಟ ಎಬ್ಬಿಸಿದ ಛಲದ ಮನುಷ್ಯ, ಆದರೆ ಮಗ ಮನೆ ಬಿಟ್ಟು ಹೋಗಿದ್ದಾನೆ. ಗೋಪಾಲಯ್ಯ ಆ ದುಃಖವನ್ನು ಮಾತಿನಲ್ಲಿ ಮುಚ್ಚುತ್ತಾರೆ. ಅವರ ಹೆಂಡತಿ ಶಂಕರಮ್ಮನಿಂದ ಮುಚ್ಚಲಿಕ್ಕೆ ಆಗುವುದಿಲ್ಲ. ಮಕ್ಕಳು ಪರವೂರಿನಲ್ಲಿರುವ ಹಿರಿಯರಿಗೆ ಇದು ಬಹಳ ಹತ್ತಿರದ ಪುಸ್ತಕ.

ಬ್ರಹ್ಮಾವರದ ಮೇಷ್ಟ್ರು:
ಒಳ್ಳೆಯ ಆಯ್ಕೆ ಅಮ್ಮ. ಕಾರಂತರಿಂದಲೇ ಶುರು ಮಾಡಿ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ನಿಮ್ಮ ಇಬ್ಬರು ಗೆಳತಿಯರಿಗೆ ‘ಚೋಮನ ದುಡಿ’ ಕೊಡಿ. ‘ಅದು ಕಾಲೇಜಲ್ಲಿ ಪಾಠಕ್ಕಿತ್ತು’ ಅಂತ ಅವರು ಹೇಳಬಹುದು. ಪರೀಕ್ಷೆಗೆ ಓದಿದ್ದು ಓದಿದ ಹಾಗೆ ಅಲ್ಲ. ಹದಿನೆಂಟರ ವಯಸ್ಸಿನಲ್ಲಿ ಅದು ಹತ್ತು ಅಂಕದ ಪ್ರಶ್ನೆ. ಮಕ್ಕಳು ಮರಿ ಆದ ಮೇಲೆ ಓದಿದರೆ ಬೇರೆಯದೇ ಪುಸ್ತಕ.

ಒಂದು ಸಂಗತಿ ಮಾತ್ರ ಹೇಳುತ್ತೇನೆ. ಚೋಮನ ಹತ್ತಿರ ಎತ್ತುಗಳಿವೆ. ಕಾಡಿನಲ್ಲಿ ಸಿಕ್ಕಿದವನ್ನು ಸಾಕಿಕೊಂಡಿದ್ದಾನೆ. ಉಳಲಿಕ್ಕೆ ತುಂಡು ಭೂಮಿ ಮಾತ್ರ ಇಲ್ಲ. ಅವನು ಹುಟ್ಟಿದ ಜಾತಿಗೆ ಬೇಸಾಯ ಸಲ್ಲದು ಅಂತ ಊರು ತೀರ್ಮಾನ ಮಾಡಿಯಾಗಿದೆ. ಅವನಿಗೆ ಜಮೀನ್ದಾರ ಆಗಬೇಕು ಅಂತೇನೂ ಇಲ್ಲ. ಗೇಣಿಗೆ ಒಂದು ಗದ್ದೆ ಸಿಕ್ಕಿದರೆ ಸಾಕಿತ್ತು. 1933ರಲ್ಲಿ ಕಾರಂತರು ಇದನ್ನು ಎಷ್ಟು ಸಣ್ಣ ಪುಸ್ತಕದಲ್ಲಿ ಹೇಳಿದ್ದಾರೆ ನೋಡಿ. ದೊಡ್ಡ ಭಾಷಣ ಎಲ್ಲೂ ಇಲ್ಲ. ಆ ಎತ್ತುಗಳು ಕೊಟ್ಟಿಗೆಯಲ್ಲಿ ನಿಂತಿರುವುದೇ ಸಾಕು.

ಕೋಡಿಯ ಕಡಲು:
ಮೇಷ್ಟ್ರೇ, ನಮಸ್ಕಾರ. ನೀವು ‘ಮರಳಿ ಮಣ್ಣಿಗೆ’ ಬಿಟ್ಟಿರಿ ಅಂತ ನನಗೆ ಸ್ವಲ್ಪ ಬೇಜಾರು. ನಮ್ಮೂರಿನ ಕಾದಂಬರಿ ಅದು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಮೇಲೆ ಬದುಕು. ರಾಮ ಐತಾಳರು, ಅವರ ಮಗ ಲಚ್ಚ, ಮೊಮ್ಮಗ ರಾಮ, ಹೀಗೆ ಮೂರು ತಲೆಮಾರು.

ಹೆಸರು ಗಂಡಸರದ್ದು. ಮನೆ ನಿಂತಿರುವುದು ಹೆಂಗಸರ ಮೇಲೆ. ಐತಾಳರ ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ, ಆಮೇಲೆ ಸೊಸೆ ನಾಗವೇಣಿ. ಗದ್ದೆ, ಸೊಪ್ಪು, ಸೌದೆ, ದನ, ಅಡುಗೆ ಎಲ್ಲ ಅವರ ತಲೆ ಮೇಲೆ. ಐತಾಳರು ಪೌರೋಹಿತ್ಯಕ್ಕೆ ಹೋಗಿ ಬಂದು ಊಟಕ್ಕೆ ಕೂರುತ್ತಾರೆ. ನನ್ನ ಅಜ್ಜಿಯ ಬೆನ್ನು ಯಾಕೆ ಬಾಗಿತ್ತು ಅಂತ ನನಗೆ ಗೊತ್ತಾಗಿದ್ದು ಈ ಪುಸ್ತಕದಿಂದ.

ಮತ್ತೆ, ಉಡುಪಿ ಕಡೆಯವರು ಘಟ್ಟ ಹತ್ತಿ ಹೋಟೆಲ್ ಇಟ್ಟ ಕತೆಯೂ ಅದರೊಳಗೆ ಬರುತ್ತದೆ. ಊರು ಬಿಟ್ಟವರು ಯಾರಿದ್ದರೂ ಅವರ ಕೈಗೆ ಇದನ್ನು ಕೊಡಿ.

ಬ್ರಹ್ಮಾವರದ ಮೇಷ್ಟ್ರು:
ಬಿಟ್ಟಿದ್ದಲ್ಲ ಮಾರಾಯ್ರೆ. ನನಗೂ ಕಾರಂತರಲ್ಲಿ ಅದೇ ಮೊದಲು. ಆದರೆ ಪುಸ್ತಕ ದಪ್ಪ. ಓದುವ ಅಭ್ಯಾಸ ಬಿಟ್ಟವರಿಗೆ ಮೊದಲಿಗೇ ಕೊಟ್ಟರೆ ಅರವತ್ತನೇ ಪುಟದಲ್ಲಿ ಗುರುತಿನ ಚೀಟಿ ಇಟ್ಟು ಮಡಚಿಡುತ್ತಾರೆ. ಮೂರನೆಯದಾಗಿ ಓದಲಿ.

ಮಣಿಪಾಲದಲ್ಲಿರುವ ಧಾರವಾಡದಾಕೆ:
ನಾನು ಕೆಲಸಕ್ಕಾಗಿ ಇಲ್ಲಿಗೆ ಬಂದವಳು. ಒಂದು ಪ್ರಶ್ನೆ ಕೇಳಬೇಕಿತ್ತು. ವೈದೇಹಿಯವರ ಕತೆಗಳನ್ನು ಓದಬೇಕು ಅಂತ ಬಹಳ ಆಸೆ. ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಗೊತ್ತು. ಆದರೆ ಕುಂದಾಪುರದ ಮಾತು ಬಂದ ಕಡೆ ನಾನು ನಿಂತುಬಿಡುತ್ತೇನೆ. ಸಾಲು ಸಾಲಿಗೆ ಅರ್ಥ ಹುಡುಕುತ್ತ ಕೂತರೆ ಕತೆಯ ಓಟ ತಪ್ಪುತ್ತದೆ. ಏನು ಮಾಡಲಿ?

ಕುಂದಾಪ್ರದ ಹುಡುಗ:
ಅಕ್ಕ, ಅರ್ಥ ಹುಡುಕಬೇಡಿ. ಗಟ್ಟಿಯಾಗಿ ಓದಿ. ನಿಮ್ಮ ಆಫೀಸಿನಲ್ಲಿ ಕುಂದಾಪುರ ಕಡೆಯವರು ಇದ್ದೇ ಇರುತ್ತಾರೆ, ಅವರ ಹತ್ತಿರ ಎರಡು ಪುಟ ಓದಿಸಿ. ಕಿವಿಗೆ ಬಿದ್ದರೆ ಅರ್ಥ ತಾನಾಗಿ ಆಗುತ್ತದೆ. ವೈದೇಹಿಯವರ ಹೆಂಗಸರು ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವವರು. ಆ ಮಾತಿನಲ್ಲಿ ಎಲ್ಲಿ ತಡೆದರು, ಎಲ್ಲಿ ಮಾತು ತಿರುಗಿಸಿದರು ಅನ್ನುವುದು ಮುಖ್ಯ.

‘ಅಕ್ಕು’ ಕತೆಯಿಂದ ಶುರು ಮಾಡಿ. ಊರವರೆಲ್ಲ ಮರುಳು ಅನ್ನುವ ಹೆಂಗಸಿನ ಕತೆ. ಓದಿದ ಮೇಲೆ ಮರುಳು ಯಾರಿಗೆ ಅಂತ ನಿಮಗೇ ಯೋಚನೆ ಬರುತ್ತದೆ. ಆಮೇಲೆ ‘ಗುಲಾಬಿ ಟಾಕೀಸು’. ಗಿರೀಶ ಕಾಸರವಳ್ಳಿಯವರು 2008ರಲ್ಲಿ ಮಾಡಿದ ಸಿನಿಮಾ ನೋಡಿದ್ದೀರಾದರೆ ಅದನ್ನು ಮನಸ್ಸಿನಿಂದ ಬದಿಗಿಟ್ಟು ಓದಿ. ಸಿನಿಮಾ ಒಳ್ಳೆಯದೇ. ಆದರೆ ಕತೆಯ ದಾರಿ ಬೇರೆ.

ಕದ್ರಿಯ ಓದುಗಿ:
ಗಟ್ಟಿಯಾಗಿ ಓದುವುದು ನಮ್ಮ ಗುಂಪಿಗೂ ಆಗುತ್ತದೆ. ಅತ್ತೆಗೆ ಕಣ್ಣಿನ ತೊಂದರೆ ಉಂಟು, ನಾವು ಓದಿದರೆ ಕೇಳುತ್ತಾರೆ. ಅವರಿಗೆ ವೈದೇಹಿ ಅಂತ ಈಗಲೇ ನಿಕ್ಕಿ ಮಾಡಿದೆ.

ಹತ್ತನೇ ಕ್ಲಾಸಿನ ಹುಡುಗನಿಗೆ ಯಾರೂ ಏನೂ ಹೇಳಲಿಲ್ಲ!

ಕಾರ್ಕಳದ ಬಂಡೆ:
ಅವನಿಗೆ ತೇಜಸ್ವಿ ಅಲ್ಲದೆ ಇನ್ನೇನು? ‘ಕರ್ವಾಲೊ’ ಕೊಡಿ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕತೆ. ವಿಜ್ಞಾನಿ ಕರ್ವಾಲೊ ಇದ್ದಾರೆ, ಜೇನು ಕೀಳುವ ಮಂದಣ್ಣ ಇದ್ದಾನೆ, ಕಿವಿ ಎಂಬ ನಾಯಿ ಇದೆ. ಹುಡುಗನಿಗೆ ಮಂದಣ್ಣ ಇಷ್ಟ ಆಗದಿದ್ದರೆ ನನ್ನನ್ನು ಕೇಳಿ. ಶಾಲೆಯ ಲೆಕ್ಕದಲ್ಲಿ ಮಂದಣ್ಣ ದಡ್ಡ. ಆದರೆ ದೊಡ್ಡ ವಿಜ್ಞಾನಿ ಅವನಿಂದ ಕಲಿಯಲಿಕ್ಕೆ ಬರುತ್ತಾರೆ. ಮಾರ್ಕು ಮಾರ್ಕು ಅಂತ ಬೆಳಿಗ್ಗೆಯಿಂದ ರಾತ್ರಿವರೆಗೆ ಕೇಳಿಸಿಕೊಳ್ಳುವ ಮಗುವಿಗೆ ಇದನ್ನು ಓದುವ ಹಕ್ಕು ಉಂಟು.

ತೇಜಸ್ವಿಯವರ ವಾಕ್ಯ ಸಣ್ಣದು. ನಗು ಬರುತ್ತದೆ. ನಿಧಾನಕ್ಕೆ ಓದುವವನಿಗೂ ಒಂದು ಪುಟ ಮುಗಿಸಿದ ಖುಷಿ ಬೇಗ ಸಿಗುತ್ತದೆ. ಅದಾದ ಮೇಲೆ ‘ಜುಗಾರಿ ಕ್ರಾಸ್’. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಗಂಡ ಹೆಂಡತಿ ಕಳ್ಳದಂಧೆಯವರ ನಡುವೆ ಸಿಕ್ಕಿಕೊಳ್ಳುವ ಕತೆ. ರಾತ್ರಿ ಹಿಡಿದರೆ ಮುಗಿಯುವ ತನಕ ಕೆಳಗಿಡುವುದಿಲ್ಲ.

ಉಳ್ಳಾಲದ ಅಲೆ:
ಹುಡುಗನಿಗೆ ‘ಕರ್ವಾಲೊ’ ಸರಿ. ಆದರೆ ಒಂದು ಮಾತು. ಅವನ ಕೈಗೆ ಕೊಟ್ಟು ‘ಓದು’ ಅಂತ ಬಿಡಬೇಡಿ. ಮೊದಲ ಅಧ್ಯಾಯ ಒಂದು ಪುಟ ನೀವು, ಒಂದು ಪುಟ ಅವನು ಅಂತ ಓದಿ. ನನ್ನ ಮಗಳಿಗೆ ಹಾಗೇ ಮಾಡಿದ್ದು. ಕನ್ನಡದ ಒತ್ತಕ್ಷರ ನೋಡಿದ ಕೂಡಲೇ ಮುಖ ಸಣ್ಣ ಮಾಡುತ್ತಿದ್ದಳು. ಕತೆ ಹಿಡಿದ ಮೇಲೆ ನನ್ನ ಪಾಲಿನ ಪುಟವನ್ನೂ ಅವಳೇ ಓದಿದಳು.

ನಾನು ಹೇಳಲು ಬಂದದ್ದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಸಾರಾ ಮೇಡಂ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದವರು. 2023ರ ಜನವರಿಯಲ್ಲಿ ತೀರಿಕೊಂಡರು. ಈ ಕಾದಂಬರಿ ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಹಾಗಾಗಿ ನಿಮ್ಮ ಅತ್ತೆಗೂ ರುಚಿಸುತ್ತದೆ. ನಾದಿರಾ ಎಂಬ ಹುಡುಗಿ. ಗಂಡನ ಮೇಲೆ ಪ್ರೀತಿ ಉಂಟು, ಗಂಡನಿಗೂ ಅವಳ ಮೇಲೆ ಉಂಟು. ಅಪ್ಪನ ಹಟಕ್ಕೆ ತಲಾಕ್ ಆಗಿಹೋಗುತ್ತದೆ. ಮತ್ತೆ ಒಂದಾಗಬೇಕು ಅಂದರೆ ಅವಳು ಇನ್ನೊಬ್ಬನನ್ನು ಮದುವೆಯಾಗಿ ಅವನಿಂದ ತಲಾಕ್ ಪಡೆದು ಬರಬೇಕು. ನಾದಿರಾ ಏನು ಮಾಡುತ್ತಾಳೆ ಅಂತ ಹೇಳುವುದಿಲ್ಲ.

ನಮ್ಮ ಮನೆಯಲ್ಲಿ ಮೊದಲು ಇದನ್ನು ಓದಿದ್ದು ನನ್ನ ಉಮ್ಮ. ಓದಿ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಪುಸ್ತಕ ಪಕ್ಕದ ಮನೆಗೆ ಹೋಯಿತು, ಅಲ್ಲಿಂದ ಇನ್ನೊಂದು ಮನೆಗೆ. ವಾಪಸ್ ಬರುವಾಗ ರಟ್ಟು ಹರಿದಿತ್ತು. ಹೆಂಗಸರು ತಮ್ಮತಮ್ಮಲ್ಲಿ ಮಾತಾಡಲಿಕ್ಕೂ ಹೆದರುತ್ತಿದ್ದ ವಿಷಯ ಅದು. ಪುಸ್ತಕ ಸಣ್ಣದು, ಭಾಷೆ ಸರಳ. ಓದು ಬಿಟ್ಟವರನ್ನು ವಾಪಸ್ ತರಲಿಕ್ಕೆ ನನಗೆ ಗೊತ್ತಿರುವ ಒಳ್ಳೇ ಪುಸ್ತಕ ಇದೇ.

ಪುತ್ತೂರಿನ ಮಳೆ:
ಸಾರಾ ಮೇಡಂ ಹೆಸರು ಬಂದ ಮೇಲೆ ನಮ್ಮೂರಿನ ಬೊಳುವಾರು ಮಹಮದ್ ಕುಂಞಿ ಅವರ ಹೆಸರೂ ಬರಬೇಕು. ಅವರ ಮುತ್ತುಪ್ಪಾಡಿ ಎಂಬ ಊರು ನಕ್ಷೆಯಲ್ಲಿ ಸಿಗಲಿಕ್ಕಿಲ್ಲ. ಆದರೆ ಪುತ್ತೂರು ಕಡೆ ಬೆಳೆದವರಿಗೆ ಅಲ್ಲಿನ ಪ್ರತಿ ಅಂಗಡಿ ಗೊತ್ತು ಅನಿಸುತ್ತದೆ. ‘ಸ್ವಾತಂತ್ರ್ಯದ ಓಟ’ ಸಾವಿರ ಪುಟಕ್ಕೂ ಜಾಸ್ತಿ. ಅದಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದುವ ಗುಂಪಿಗೆ ಸದ್ಯಕ್ಕೆ ಬೇಡ, ಅವರ ಸಣ್ಣಕತೆಗಳಿಂದ ಶುರು ಮಾಡಿ.

ಬ್ಯಾಂಕಿನವರು ಸಂಘಟನೆ, ಯೂನಿಯನ್ ಕಂಡವರಾದರೆ ನಿರಂಜನರ ‘ಚಿರಸ್ಮರಣೆ’ ಕೊಡಿ. ಕಾಸರಗೋಡು ಕಡೆಯ ಕಯ್ಯೂರಿನ ರೈತರ ಹೋರಾಟದ ಕಾದಂಬರಿ. 1943ರಲ್ಲಿ ನಾಲ್ಕು ಮಂದಿಯನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದ್ದು ನಿಜವಾಗಿ ನಡೆದದ್ದು. ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರು, ಅವರ ಮಾಸ್ತರು. ಓದು ಬರಹ ಕಲಿಯುವುದಕ್ಕೂ ಹೋರಾಟಕ್ಕೂ ಇರುವ ಸಂಬಂಧವನ್ನು ಅಷ್ಟು ಚೆನ್ನಾಗಿ ಬರೆದ ಪುಸ್ತಕ ನಾನು ಬೇರೆ ಓದಿಲ್ಲ.

ಇನ್ನೊಂದು ವಿಷಯ. ಪುಸ್ತಕ ಕೊಳ್ಳುವ ಮೊದಲು ಗ್ರಂಥಾಲಯ ನೋಡಿ. ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಶೇಕಡ 6 ಗ್ರಂಥಾಲಯ ಕರ ಕಟ್ಟುತ್ತೇವೆ. ಪಂಚಾಯತಿನ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಎಂಬ ಹೆಸರಿನಲ್ಲಿವೆ. ಹೋಗಿ ಕೇಳುವವರಿದ್ದರೆ ಮಾತ್ರ ಕಪಾಟು ತೆರೆಯುತ್ತದೆ. ಕೇಳದಿದ್ದರೆ ಒಳ್ಳೊಳ್ಳೆಯ ಕಾದಂಬರಿಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದೇ ಸೈ.

ಕದ್ರಿಯ ಓದುಗಿ:
ಬೂಸ್ಟಿನ ಮಾತು ಬಂದದ್ದು ಒಳ್ಳೆಯದಾಯ್ತು. ನಮ್ಮ ಮನೆಯ ಗೋಡೆ ಕಪಾಟಿನಲ್ಲಿ ಜುಲೈ ಬಂದರೆ ಮುಗ್ಗಲು ವಾಸನೆ. ಏನು ಮಾಡುತ್ತೀರಿ ಎಲ್ಲರೂ?

ಪುತ್ತೂರಿನ ಮಳೆ:
ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಪುಸ್ತಕ ಇಡಲೇಬಾರದು. ಒಳಗೋಡೆಗೆ ತನ್ನಿ. ಹಿಂದೆ ನಾಲ್ಕು ಬೆರಳು ಜಾಗ ಬಿಡಿ, ಗಾಳಿ ಆಡಲಿ. ಒತ್ತಿ ಒತ್ತಿ ತುಂಬಿಸಬೇಡಿ. ಒಣಗಿದ ಕಹಿಬೇವಿನ ಎಲೆ ಇಟ್ಟರೆ ಹುಳದ ಕಾಟ ಕಡಿಮೆ. ಬೂಸ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಪುಟ ಬಿಚ್ಚಿ ಇಡಿ. ಕಟುಬಿಸಿಲಿಗೆ ಹಾಕಿದರೆ ಕಾಗದ ಹಳದಿಯಾಗಿ ಒಡೆಯುತ್ತದೆ. ಎಲ್ಲಕ್ಕಿಂತ ಒಳ್ಳೇ ಮದ್ದು, ಪುಸ್ತಕ ಕೈಯಿಂದ ಕೈಗೆ ಹೋಗುತ್ತಿರಬೇಕು.

ದುಬೈಯಲ್ಲಿರುವ ಕುಡ್ಲದವ:
ಇಲ್ಲಿ ಬೂಸ್ಟು ಇಲ್ಲ, ಪುಸ್ತಕವೂ ಇಲ್ಲ. ರಜೆಯಲ್ಲಿ ಊರಿಗೆ ಬಂದಾಗ ಬ್ಯಾಗಿನಲ್ಲಿ ಹಿಡಿಸಿದಷ್ಟು ತರುತ್ತೇನೆ, ಆದರೆ ಉಪ್ಪಿನಕಾಯಿ, ಹಪ್ಪಳದ ತೂಕ ಕಳೆದು ಉಳಿದದ್ದು ಮಾತ್ರ. ಉಳಿದ ದಿನ ಫೋನಿನಲ್ಲೇ. ಮೈಲ್ಯಾಂಗ್ ಆ್ಯಪಿನಲ್ಲಿ ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕ ಎರಡೂ ಸಿಗುತ್ತವೆ. ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಕೇಳುತ್ತೇನೆ.

ನನ್ನ ಕಡೆಯಿಂದ ಜಯಂತ ಕಾಯ್ಕಿಣಿಯವರ ‘ತೂಫಾನ್ ಮೇಲ್’. ಕಾದಂಬರಿ ಅಲ್ಲ, ಕತೆಗಳು. ಗೋಕರ್ಣದ ಕಾಯ್ಕಿಣಿ ಮುಂಬಯಿಯ ಚಾಳು, ರೈಲು, ಸಣ್ಣ ಕೆಲಸದ ಜನರ ಬಗ್ಗೆ ಬರೆಯುತ್ತಾರೆ. ಬೇರೆ ಊರಿನಲ್ಲಿ ಒಂದು ಕೋಣೆಯಲ್ಲಿ ನಾಲ್ಕು ಜನ ಇದ್ದು ದುಡಿದವರಿಗೆ ಆ ಕತೆಗಳಲ್ಲಿ ತಮ್ಮವರು ಸಿಗುತ್ತಾರೆ. ಅವರ ಮುಂಬಯಿ ಕತೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ 2018ರಲ್ಲಿ ಬಂದಿದೆ. ಅನುವಾದ ತೇಜಸ್ವಿನಿ ನಿರಂಜನ ಅವರದ್ದು. ಇಲ್ಲಿನ ನನ್ನ ಮಲಯಾಳಿ ರೂಮ್‌ಮೇಟ್‌ಗೆ ಅದನ್ನೇ ಕೊಟ್ಟೆ. ಅವನು ನನಗೆ ಮಲಯಾಳಂ ಲೇಖಕ ಬಷೀರರ ‘ಪಾತುಮ್ಮನ ಆಡು’ ಓದಿ ಹೇಳಿದ. ಕನ್ನಡದಲ್ಲೂ ಬಂದಿದೆ, ಓದಿ. ಮನೆ ತುಂಬ ಜನ, ಆ ಗಲಾಟೆಯ ನಡುವೆ ಬಷೀರರ ಪುಸ್ತಕವನ್ನೇ ತಿನ್ನುವ ಆಡು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಬಹಳ ಖುಷಿ ಕೊಡುತ್ತದೆ.

ಬಂದರಿನ ಹಳೆ ಗಿರಾಕಿ:
ನಾನು ಮಂಗಳೂರಿನ ಅತ್ರಿ ಬುಕ್ ಸೆಂಟರಿನ ಗಿರಾಕಿಯಾಗಿದ್ದವನು. ಅಂಗಡಿ ಮುಚ್ಚಿದ್ದು 2012ರಲ್ಲಿ. ಅಲ್ಲಿ ನಿಂತು ಎರಡು ಪುಟ ಓದಿ ನೋಡಿ ಪುಸ್ತಕ ಆರಿಸುವ ಸುಖ ಈಗ ಆನ್‌ಲೈನಿನಲ್ಲಿ ಇಲ್ಲ. ಮೇಷ್ಟ್ರು, ಉಳ್ಳಾಲದವರು ಇಲ್ಲಿ ಬರೆದದ್ದು ನೋಡಿ ಅದೇ ಸುಖ ಸಿಕ್ಕಿತು.

ಮಂಗಳೂರಿನವರು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಮರೆಯಬಾರದು. 1899ರಲ್ಲಿ ಇಲ್ಲಿಯೇ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ಬಾಲವಿಧವೆಯೊಬ್ಬಳು ಓದಿ, ಮತ್ತೆ ಮದುವೆಯಾಗುವ ಕತೆಯನ್ನು ಆ ಕಾಲದಲ್ಲಿ ಬರೆಯಲಿಕ್ಕೆ ಧೈರ್ಯ ಬೇಕು.

ಕಾರ್ಕಳದ ಬಂಡೆ:
ಧೈರ್ಯ ಒಪ್ಪುತ್ತೇನೆ ಸರ್. ಆದರೆ ಓದು ಬಿಟ್ಟವರಿಗೆ ಅದು ಬೇಡ. ಹಳೆಗಾಲದ ವಾಕ್ಯ, ಮಧ್ಯೆ ಮಧ್ಯೆ ಉಪದೇಶ. ನಾನು ಪೂರ್ತಿ ಓದಿದ್ದೇನೆ, ಗೌರವದಿಂದ ಓದಿದ್ದೇನೆ. ಖುಷಿಗಾಗಿ ಓದಿ ಅಂತ ಯಾರಿಗೂ ಹೇಳಲಾರೆ.

ಬಂದರಿನ ಹಳೆ ಗಿರಾಕಿ:
ನನಗೆ ಖುಷಿ ಸಿಕ್ಕಿದೆ. ಅದರೊಳಗಿನ ಮಾತುಕತೆ ಗಮನಿಸಿ. ಉಪದೇಶದ ಪುಟ ದಾಟಿ ಜನರು ಬಾಯಿ ಬಿಟ್ಟ ಕೂಡಲೇ ನೂರಿಪ್ಪತ್ತೈದು ವರ್ಷ ಹಿಂದಿನ ಮಂಗಳೂರು ಕೇಳುತ್ತದೆ. ಲಂಚ, ಕಚೇರಿ, ಮಠ, ಜಗಳ ಎಲ್ಲ ಉಂಟು. ಆದರೆ ಮೊದಲ ಪುಸ್ತಕ ಆಗಬಾರದು ಅನ್ನುವುದು ನಿಜ. ಊರಿನ ಹಳೆ ಬೀದಿಗಳ ಮೇಲೆ ಆಸೆ ಇರುವವರಿಗೆ ಮಾತ್ರ ಕೊಡಿ.

ಮಣಿಪಾಲದಲ್ಲಿರುವ ಧಾರವಾಡದಾಕೆ:
‘ಅಕ್ಕು’ ಓದಿದೆ! ನಮ್ಮ ಮೆಸ್ಸಿನ ಅಕ್ಕ ಕುಂದಾಪುರದವರು. ಅವರ ಹತ್ತಿರ ಮೊದಲ ಪುಟ ಓದಿಸಿದೆ. ಅವರು ಒಂದು ಪುಟಕ್ಕೆ ನಿಲ್ಲಿಸಲಿಲ್ಲ, ಪೂರ್ತಿ ಓದಿದರು. ಮುಗಿದ ಮೇಲೆ ‘ಇಂಥವರು ನಮ್ಮ ಮನೆಯಲ್ಲೂ ಒಬ್ಬರಿದ್ದರು’ ಅಂತ ತಮ್ಮ ದೊಡ್ಡಮ್ಮನ ಕತೆ ಶುರು ಮಾಡಿದರು. ಸಾಂಬಾರು ತಳ ಹಿಡಿಯಿತು, ಯಾರೂ ಬೈಯಲಿಲ್ಲ. ಪುಸ್ತಕ ಈಗ ಅವರ ಹತ್ತಿರವೇ ಉಂಟು.

ಗುಂಪಿನ ಗೆಳತಿಯರಿಗೆ ನನ್ನದೂ ಒಂದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಕೈಯಲ್ಲಿ ಕಾಸಿಲ್ಲದ ಕುಟುಂಬಕ್ಕೆ ಒಮ್ಮೆಲೇ ದುಡ್ಡು ಬಂದರೆ ಮನೆಯೊಳಗೆ ಏನೇನು ಬದಲಾಗುತ್ತದೆ ಅನ್ನುವುದು ಕತೆ. ಹಳೆ ಮನೆಯಲ್ಲಿ ಇರುವೆ ಕಾಟ, ಎಲ್ಲರೂ ಸೇರಿ ಇರುವೆ ಹೊಸಕುವ ಪುಟಗಳಿವೆ. ಸುಮ್ನೆ ಇರುವೆ ವಿಷಯ ಅಂತ ಓದುತ್ತೀರಿ. ಕೊನೆಗೆ ಬಂದಾಗ ಆ ಪುಟ ನೆನಪಾಗಿ ಮೈ ಜುಂ ಅನ್ನುತ್ತದೆ. ಒಂದು ಭಾನುವಾರದಲ್ಲಿ ಮುಗಿಯುತ್ತದೆ.

ಉಳ್ಳಾಲದ ಅಲೆ:
ಹೊಸ ಪುಸ್ತಕ ಕೇಳುವವರಿಗೆ ಬಾನು ಮುಷ್ತಾಕ್ ಅವರ ಕತೆಗಳು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಎಲ್ಲರೂ ‘ಹಾರ್ಟ್ ಲ್ಯಾಂಪ್’ ಅಂತ ದೀಪಾ ಭಾಸ್ತಿಯವರ ಇಂಗ್ಲಿಷ್ ಪುಸ್ತಕ ತರಿಸಿಕೊಂಡರು. ತರಿಸಿಕೊಳ್ಳಲಿ, ಒಳ್ಳೇ ಅನುವಾದ. ಆದರೆ ಕನ್ನಡ ಬರುವವರು ಕನ್ನಡದಲ್ಲೇ ಓದಬೇಕು. ‘ಎದೆಯ ಹಣತೆ’ ಕತೆಯ ಮೆಹರೂನ್ ತವರಿಗೆ ಬಂದು ನಿಂತಾಗ ಅವಳ ಅಣ್ಣತಮ್ಮಂದಿರು ಆಡುವ ಮಾತು ಇದೆಯಲ್ಲ, ಅದನ್ನು ನಮ್ಮ ಭಾಷೆಯಲ್ಲಿ ಕೇಳಿದರೆ ತಪ್ಪಿಸಿಕೊಳ್ಳಲಿಕ್ಕೆ ದಾರಿಯೇ ಇಲ್ಲ.

ಕದ್ರಿಯ ಓದುಗಿ:
ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕೂತು ತೀರ್ಮಾನ ಮಾಡಿದೆವು. ಗುಂಪಿಗೆ ಮೊದಲ ಪುಸ್ತಕ ‘ಚಂದ್ರಗಿರಿಯ ತೀರದಲ್ಲಿ’. ಸಣ್ಣದು, ಎಲ್ಲರೂ ಮುಗಿಸಿ ಬರಬಹುದು. ಮತ್ತೆ ಮುಗಿಸಿದವರಿಗೆ ಮಾತಾಡದೆ ಇರಲಿಕ್ಕೆ ಆಗುವುದಿಲ್ಲ. ಎರಡನೆಯದು ‘ಬೆಟ್ಟದ ಜೀವ’. ‘ಮರಳಿ ಮಣ್ಣಿಗೆ’ ಆಗಸ್ಟಿಗೆ, ಮೇಷ್ಟ್ರು ಹೇಳಿದ ಹಾಗೆ ಮೂರನೆಯದು. ಹುಡುಗ ‘ಕರ್ವಾಲೊ’ ಈಗಾಗಲೇ ಹಿಡಿದಿದ್ದಾನೆ. ಅವನ ಅಮ್ಮನ ಪಾಲಿನ ಪುಟ ಇನ್ನೂ ಅಮ್ಮನೇ ಓದುತ್ತಿದ್ದಾರೆ, ಪರವಾಗಿಲ್ಲ.

ಮೇಷ್ಟ್ರೇ, ಸೇರಿದಾಗ ಮಾತು ಹೇಗೆ ಶುರು ಮಾಡುವುದು? ‘ಹೇಗಿತ್ತು’ ಅಂತ ಕೇಳಿದರೆ ‘ಚೆನ್ನಾಗಿತ್ತು’ ಅಂತ ಮುಗಿದುಹೋಗುತ್ತದೆ.

ಬ್ರಹ್ಮಾವರದ ಮೇಷ್ಟ್ರು:
‘ಹೇಗಿತ್ತು’ ಕೇಳಬೇಡಿ. ಲೇಖಕರ ಉದ್ದೇಶ ಏನು ಅಂತಲೂ ಕೇಳಬೇಡಿ, ಅದು ಮತ್ತೆ ಪರೀಕ್ಷೆ ಆಗುತ್ತದೆ. ಎಲ್ಲರೂ ಒಂದೊಂದು ಪುಟ ಗುರುತು ಮಾಡಿಕೊಂಡು ಬರಲಿ. ಅದನ್ನು ಗಟ್ಟಿಯಾಗಿ ಓದಲಿ. ಯಾಕೆ ಅದೇ ಪುಟ ಅಂತ ಹೇಳಲಿ. ನಾದಿರಾಳ ಅಪ್ಪನ ಪರವಾಗಿ ಮಾತಾಡಲು ಒಬ್ಬರನ್ನು ಬಿಡಿ. ಅವನಿಗೂ ಅವನದೇ ಕಾರಣಗಳಿವೆ. ಆಮೇಲೆ ಮಾತು ನಿಲ್ಲಿಸುವುದೇ ಕಷ್ಟ.

ಕೋಡಿಯ ಕಡಲು:
ಆಗಸ್ಟಿನ ಸಭೆಗೆ ನಾನು ಕೋಡಿಯಿಂದ ಬರಬಹುದಾ? ನನ್ನ ಹತ್ತಿರ ‘ಮರಳಿ ಮಣ್ಣಿಗೆ’ಯ ಎರಡು ಪ್ರತಿ ಉಂಟು. ಬೇಕಾದವರಿಗೆ ಒಂದು ತಂದುಕೊಡುತ್ತೇನೆ.

ಕದ್ರಿಯ ಓದುಗಿ:
ಖಂಡಿತ ಬನ್ನಿ ಅಣ್ಣ. ಪುಸ್ತಕ ಜುಲೈಯಲ್ಲೇ ಕಳಿಸಲಿಕ್ಕಾದರೆ ಇನ್ನೂ ಒಳ್ಳೆಯದು. ಮೊದಲು ಕೇಳಿದವರು ಅತ್ತೆ.